ಚೌಕಿಯಲ್ಲೇ ಮುಗಿದ ಆಟ

ಪ್ರೇಮಿಗಳಲ್ಲದ ಇಬ್ಬರು ಯಾವುದೋ ಅನುಕೂಲಕ್ಕಾಗಿ ಲೋಕದ ಮುಂದೆ ಪ್ರೇಮಿಗಳಂತೆ ನಟಿಸಲು ಒಪ್ಪಿಕೊಂಡು, ನಟಿಸುತ್ತ ನಟಿಸುತ್ತ ನಿಜವಾಗಿಯೇ ಪ್ರೇಮದಲ್ಲಿ ಸಿಕ್ಕಿಬೀಳುವ ಕಥೆಗೆ ಇಂದಿನ ಇಂಗ್ಲಿಷ್ ಜನಪ್ರಿಯ ಕಾದಂಬರಿಯ ಪೇಟೆಯಲ್ಲಿ 'ಫೇಕ್ ಡೇಟಿಂಗ್' ಎಂಬ ಹೆಸರಿದೆ. ಆ ಇಬ್ಬರಲ್ಲಿ ಒಬ್ಬರು ಆಟಗಾರರಾಗಿದ್ದರೆ, ಸಾಮಾನ್ಯವಾಗಿ ಗಂಡು ಐಸ್ ಹಾಕಿಯನ್ನೋ ಅಮೆರಿಕದ ಫುಟ್‌ಬಾಲನ್ನೋ ಆಡುವವನಾಗಿದ್ದರೆ, ಅದು 'ಸ್ಪೋರ್ಟ್ಸ್ ರೊಮಾನ್ಸ್' ಎಂಬ ಇನ್ನೊಂದು ಕವಲಿಗೂ ಸಲ್ಲುತ್ತದೆ. ಹೀಗೆ ಪುಸ್ತಕದಿಂದ ಪುಸ್ತಕಕ್ಕೆ ಮರಳಿ ಮರಳಿ ಬರುವ ಕಥಾಸೂತ್ರವನ್ನು ಓದುಗರು 'ಟ್ರೋಪ್' ಎಂದು ಕರೆಯುತ್ತಾರೆ. ಹೋಟೆಲಿನ ಗೋಡೆಯ ಹಲಗೆಯ ಮೇಲೆ ತಿಂಡಿಗಳ ಹೆಸರು ಬರೆದಿರುವಂತೆ ಈ ಪುಸ್ತಕಗಳ ಜಾಹೀರಾತಿನಲ್ಲಿ ಟ್ರೋಪುಗಳ ಹೆಸರು ಬರೆದಿರುತ್ತದೆ, ಓದುವವರು ಬೇಕಾದದ್ದನ್ನು ಮೊದಲೇ ನೋಡಿಕೊಂಡು ಕೂರುತ್ತಾರೆ. ಈಚೆಗೆ ಆ ಹಲಗೆಗೆ 'ಲೋ ಸ್ಟೇಕ್ಸ್' ಎಂಬ ಮೂರನೆಯ ಹೆಸರೂ ಸೇರಿದೆ. ಯಾರೂ ಸಾಯುವುದಿಲ್ಲ, ಯಾರ ಮನೆಯೂ ಒಡೆಯುವುದಿಲ್ಲ, ಓದುವವರ ನಿದ್ದೆ ಕೆಡುವುದಿಲ್ಲ ಎಂಬುದು ಅದರ ಭರವಸೆ. ಕರಾವಳಿಯ ಮಾತಿನಲ್ಲಿ ಹೇಳುವುದಾದರೆ 'ತಲೆಬಿಸಿ ಇಲ್ಲದ ಪುಸ್ತಕ'. ಈ ಮೂರೂ ಗುಣಗಳು ಒಂದೇ ರಟ್ಟಿನೊಳಗೆ ಕೂಡಿಬಂದ ಕಾದಂಬರಿಯನ್ನು ಓದಿ ಮುಗಿಸಿದಾಗ ಆಗುವ ನಿರಾಸೆ ಒಂದು ವಿಚಿತ್ರ ಬಗೆಯದು. ಪುಸ್ತಕ ಕೊಡುತ್ತೇನೆಂದದ್ದನ್ನೆಲ್ಲ ಕೊಟ್ಟಿರುತ್ತದೆ, ಆದುದರಿಂದ ಮೋಸವಾಯಿತೆಂದು ಸಿಟ್ಟಾಗುವಂತಿಲ್ಲ. ಆದರೂ ಎಲೆಯ ಮುಂದೆ ಕೂತು, ಎಲ್ಲ ಬಡಿಸಿಕೊಂಡು, ಉಪ್ಪಿಲ್ಲದ್ದನ್ನು ಉಂಡೆದ್ದ ಭಾವನೆಯೊಂದು ಉಳಿಯುತ್ತದೆ.

ಈ ಕಾದಂಬರಿಗಳ ಅಂಗರಚನೆ ಹೆಚ್ಚುಕಡಿಮೆ ಒಂದೇ. ಆಟಗಾರನಿಗೆ ಪೋಲಿಯೆಂಬ ಹೆಸರು ಬಂದಿರುತ್ತದೆ. ಅವನ ಅಂಗಿಯ ಮೇಲೆ ತಮ್ಮ ಹೆಸರು ಮೂಡಿಸಲು ಹಣ ಕೊಡುವ ಪ್ರಾಯೋಜಕರಿಗೆ ಅವನು ಸಭ್ಯನಂತೆ ಕಾಣಬೇಕಾಗಿರುತ್ತದೆ. ಹುಡುಗಿಗೆ ತನ್ನನ್ನು ಬಿಟ್ಟುಹೋದವನ ಹೊಟ್ಟೆ ಉರಿಸಬೇಕಾಗಿರುತ್ತದೆ, ಇಲ್ಲವೆ ಅಕ್ಕನ ಮದುವೆಗೆ ಒಂಟಿಯಾಗಿ ಹೋಗುವ ಸಂಕೋಚ ತಪ್ಪಿಸಿಕೊಳ್ಳಬೇಕಾಗಿರುತ್ತದೆ. ಇಬ್ಬರೂ ಕಾಫಿ ಅಂಗಡಿಯಲ್ಲಿ ಕೂತು ಕರಾರು ಮಾಡಿಕೊಳ್ಳುತ್ತಾರೆ. ಕರಾರಿನ ಮೊದಲ ಕಲಮು ಪರಸ್ಪರ ಪ್ರೇಮಿಸತಕ್ಕದ್ದಲ್ಲ ಎಂಬುದಾಗಿರುವುದರಿಂದ ಮುಂದಿನ ಮುನ್ನೂರು ಪುಟಗಳ ಗತಿ ಅಲ್ಲಿಗೇ ತಿಳಿದುಹೋಗುತ್ತದೆ. ಪರವೂರಿನ ಪಂದ್ಯಕ್ಕೆ ಹೋದಾಗ ಹೋಟೆಲಿನಲ್ಲಿ ಒಂದೇ ಹಾಸಿಗೆಯ ಕೋಣೆ ಉಳಿದಿರುತ್ತದೆ. ಪುಸ್ತಕದ ಮುಕ್ಕಾಲು ಪಾಲು ಕಳೆದ ಮೇಲೆ, ಒಂದು ಫೋನ್ ಕರೆಯಿಂದ ಬಗೆಹರಿಯಬಹುದಾಗಿದ್ದ ತಪ್ಪುಗ್ರಹಿಕೆಯೊಂದು ಹುಟ್ಟಿ, ಇಬ್ಬರೂ ಎರಡು ಅಧ್ಯಾಯಗಳ ಕಾಲ ಊಟ ಬಿಟ್ಟು, ಕೊನೆಗೆ ತುಂಬಿದ ಕ್ರೀಡಾಂಗಣದಲ್ಲಿ ಒಂದಾಗುತ್ತಾರೆ. 'ತಲೆಬಿಸಿ ಇಲ್ಲದ' ಅವತರಣಿಕೆಯಲ್ಲಿ ಈ ಸಣ್ಣಪುಟ್ಟ ಅಡ್ಡಿಗಳನ್ನೂ ಸವರಿ ನುಣ್ಣಗೆ ಮಾಡಿರುತ್ತಾರೆ. ಪ್ರಾಯೋಜಕರು ದಯಾಳುಗಳು, ತರಬೇತುದಾರ ತಂದೆಯಂಥವನು, ಬಿಟ್ಟುಹೋದ ಗೆಳೆಯನೂ ಕ್ಷಮೆ ಕೇಳುವಷ್ಟು ಒಳ್ಳೆಯವನು. ಸುಳ್ಳು ಬಯಲಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇಂಥ ಪುಸ್ತಕದಲ್ಲಿ ಸಿಗುವ ಉತ್ತರ ಏನೂ ಆಗುವುದಿಲ್ಲ ಎಂಬುದೇ.

ಕಥೆಯ ಅಂತ್ಯ ಮೊದಲೇ ತಿಳಿದಿರುವುದರಿಂದ ನಿರಾಸೆಯಾಗುತ್ತದೆ ಎಂಬ ಆಕ್ಷೇಪವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಯಾರೂ ಎತ್ತಲಾರರು. ಬಡಗುತಿಟ್ಟಿನ, ಅಂದರೆ ಈ ಭಾಗದಿಂದ ಉತ್ತರ ಕನ್ನಡದವರೆಗೆ ಹಬ್ಬಿರುವ ಬಡಗು ಶೈಲಿಯ ಯಕ್ಷಗಾನವನ್ನು ನೋಡಲು ಬಂದು ಕೂತವರಲ್ಲಿ ಕಥೆ ಏನಾಗುತ್ತದೆಂದು ತಿಳಿಯದವರು ಕೈಕೂಸುಗಳು ಮಾತ್ರ. 'ಸುಭದ್ರಾ ಕಲ್ಯಾಣ'ದ ಪ್ರಸಂಗವನ್ನೇ ನೋಡಬಹುದು. ಅರ್ಜುನ ಕಪಟ ಸನ್ಯಾಸಿಯಾಗಿ ದ್ವಾರಕೆಗೆ ಬರುತ್ತಾನೆ. ತಂಗಿಯನ್ನು ದುರ್ಯೋಧನನಿಗೆ ಕೊಡಬೇಕೆಂದಿರುವ ಬಲರಾಮ ಆ ಕಾವಿಬಟ್ಟೆಯನ್ನು ನಂಬಿ, ಯತಿಯ ಸೇವೆಗೆ ಸುಭದ್ರೆಯನ್ನೇ ನೇಮಿಸುತ್ತಾನೆ. ಕೃಷ್ಣ ಎಲ್ಲವನ್ನೂ ಬಲ್ಲವನಾಗಿ ಏನನ್ನೂ ಅರಿಯದವನಂತೆ ಓಡಾಡುತ್ತಾನೆ. ಕಡೆಗೆ ಸುಭದ್ರೆ ಅರ್ಜುನನಿಗೇ ಸೇರುತ್ತಾಳೆಂಬುದು ಚೆಂಡೆಯ ಮೊದಲ ಪೆಟ್ಟಿಗೆ ಮುಂಚೆಯೇ ಸಭೆಗೆ ಗೊತ್ತಿರುತ್ತದೆ. ಆದರೂ ಜನ ಕಾತರದಿಂದ ಕೂತಿರುತ್ತಾರೆ, ಏಕೆಂದರೆ ನೋಡಬೇಕಾದದ್ದು ಅಂತ್ಯವಲ್ಲ, ಬಲರಾಮ ಆ ಕಳ್ಳ ಸನ್ಯಾಸಿಯ ಕಾಲಿಗೆ ಬೀಳುವ ಗಳಿಗೆ. ಆಗ ವೇಷಧಾರಿಯ ಮುಖದಲ್ಲಿ ಸುಳಿಯುವ ಅಳುಕು, ಅದನ್ನು ಮುಚ್ಚಲು ಅವನು ಆಡುವ ವೇದಾಂತ, ಆ ವೇದಾಂತದ ಒಂದೊಂದು ಮಾತಿಗೂ ಇರುವ ಎರಡೆರಡು ಅರ್ಥ. ಸಿಕ್ಕಿಬಿದ್ದರೆ ಯಾದವರ ಸಿಟ್ಟಿಗೆ ತುತ್ತಾಗಬೇಕು, ಸಿಕ್ಕಿಬೀಳದಿದ್ದರೆ ಪೂಜ್ಯನಾದ ಭಾವನಿಂದ ನಮಸ್ಕಾರ ಮಾಡಿಸಿಕೊಂಡ ಪಾಪ ಹೊರಬೇಕು. ಹೀಗೆ ಎರಡೂ ಕಡೆಯಿಂದ ಇಕ್ಕಟ್ಟಿಗೆ ಸಿಲುಕಿದ ಪ್ರೇಮಿಯನ್ನು ನೋಡುವಾಗ ಅಂತ್ಯ ತಿಳಿದಿದ್ದರೂ ತಿಳಿಯದಿದ್ದರೂ ಒಂದೇ. ದ್ರೌಪದಿಯ ಸ್ವಯಂವರವೂ ಈ ದೃಷ್ಟಿಯಿಂದ ನಮ್ಮ ಅತಿ ಹಳೆಯ ಕ್ರೀಡಾಪ್ರೇಮದ ಕಥೆಗಳಲ್ಲೊಂದು: ಗುರಿಯೊಂದಿದೆ, ಸ್ಪರ್ಧಿಗಳಿದ್ದಾರೆ, ಗೆದ್ದವನು ಬ್ರಾಹ್ಮಣನ ವೇಷದಲ್ಲಿದ್ದಾನೆ, ಸೋತ ರಾಜರು ಎದ್ದು ನಿಂತು ಜಗಳ ತೆಗೆಯುತ್ತಾರೆ. ಬಾಣ ಬಿಟ್ಟವನ ಹೆಸರು ಹೊರಬೀಳಬಾರದು, ಆದರೆ ಗುರಿ ಮಾತ್ರ ತಪ್ಪಬಾರದು ಎಂಬ ಆ ಇಬ್ಬಂದಿಯನ್ನು ಐಸ್ ಹಾಕಿಯ ಕಾದಂಬರಿಕಾರರು ಇನ್ನೂ ಕಂಡುಕೊಂಡಂತಿಲ್ಲ.

ಯಕ್ಷಗಾನದವರು ಪಾತ್ರಕ್ಕೆ 'ವೇಷ' ಎನ್ನುತ್ತಾರೆ, ವೇಷ ಕಟ್ಟುವ ಬಣ್ಣದ ಕೋಣೆಗೆ 'ಚೌಕಿ' ಎನ್ನುತ್ತಾರೆ. ವೇಷಕ್ಕೂ ಸುಳ್ಳಿಗೂ ಇರುವ ವ್ಯತ್ಯಾಸ ಈ ಎರಡು ಮಾತುಗಳ ನಡುವೆ ಅಡಗಿದೆ. ಚೌಕಿಯಲ್ಲಿ ಕೂತು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ಸ್ತ್ರೀವೇಷದವನು ಗಂಡಸೆಂಬುದು ಪಕ್ಕದವನಿಗೂ ಗೊತ್ತು, ಸಭೆಗೂ ಗೊತ್ತು. ಅಲ್ಲಿ ಮೋಸಹೋಗುವವರು ಯಾರೂ ಇಲ್ಲ, ಇರುವುದು ಎಲ್ಲರೂ ಸೇರಿ ಒಪ್ಪಿಕೊಂಡ ಒಂದು ಭ್ರಮೆ. ಕಪಟ ಸನ್ಯಾಸಿಯ ಕಾವಿ ಸಭೆಯ ಪಾಲಿಗೆ ವೇಷ, ಬಲರಾಮನ ಪಾಲಿಗೆ ಸುಳ್ಳು. ರಸ ಹುಟ್ಟುವುದು ಈ ಎರಡರ ಘರ್ಷಣೆಯಲ್ಲಿ. ಸುಳ್ಳು ಪ್ರೇಮದ ಕಾದಂಬರಿಯೂ ಇದೇ ಘರ್ಷಣೆಯನ್ನು ನಂಬಿಕೊಂಡಿರುವ ಪ್ರಕಾರ. ಕರಾರು ಮಾಡಿಕೊಂಡ ಇಬ್ಬರಿಗೆ ಅದು ವೇಷ, ಉಳಿದವರಿಗೆ ಸುಳ್ಳು. ಉಳಿದವರೆಂಬವರು ಕಾದಂಬರಿಯಲ್ಲಿ ಇಲ್ಲವೇ ಇಲ್ಲದಿದ್ದರೆ, ಅಥವಾ ಇದ್ದೂ ಯಾವುದಕ್ಕೂ ತಲೆಕೆಡಿಸಿಕೊಳ್ಳದಿದ್ದರೆ, ಆಟ ರಂಗಸ್ಥಳಕ್ಕೆ ಬರುವುದೇ ಇಲ್ಲ. ಇಬ್ಬರು ವೇಷಧಾರಿಗಳು ಚೌಕಿಯಲ್ಲಿ ಎದುರುಬದುರು ಕೂತು ಒಬ್ಬರ ಕಿರೀಟವನ್ನು ಇನ್ನೊಬ್ಬರು ಹೊಗಳಿಕೊಂಡು, ಬೆಳಗಾಗುತ್ತಲೆ ಬಣ್ಣ ತೆಗೆದು ಮನೆಗೆ ಹೋದಂತಾಗುತ್ತದೆ.

ಈ ಮಾತನ್ನು ಪರೀಕ್ಷಿಸಲು ಕಥೆಯನ್ನು ಶಿರೂರಿಗೆ ತಂದಿಟ್ಟು ನೋಡುವುದು ಉಪಯುಕ್ತ. ಇಲ್ಲಿ ಹೇಳುತ್ತಿರುವುದು ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹೆಸರು ಕೊಟ್ಟ ಶಿರೂರಲ್ಲ, 2024ರ ಜುಲೈಯಲ್ಲಿ ಗುಡ್ಡ ಕುಸಿದ ಅಂಕೋಲಾ ತಾಲ್ಲೂಕಿನ ಶಿರೂರೂ ಅಲ್ಲ. ಉಡುಪಿ ಜಿಲ್ಲೆಯ ಬಡಗು ತುದಿಯಲ್ಲಿ, ಭಟ್ಕಳ ತಾಲ್ಲೂಕಿನ ಗಡಿಗೆ ತಾಗಿಕೊಂಡು, 2018ರಲ್ಲಿ ಕುಂದಾಪುರದಿಂದ ಬೇರೆಯಾದ ಬೈಂದೂರು ತಾಲ್ಲೂಕಿಗೆ ಸೇರಿದ ಊರು. ಒಂದು ಬದಿಗೆ ಅಳ್ವೆಗದ್ದೆಯ ಮೀನುಗಾರಿಕೆ, ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿ ಮತ್ತು ಅದರ ಟೋಲ್ ಗೇಟು, ಪಕ್ಕದಲ್ಲಿ ಕೊಂಕಣ ರೈಲಿನ ಸಣ್ಣ ನಿಲ್ದಾಣ, ಹಡವಿನಕೋಣೆಯಂಥ ಕೇರಿಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಮನೆಗಳು. ಇಂಥ ಊರಿನ ವಾಲಿಬಾಲ್ ಆಟಗಾರನೊಬ್ಬ, ಉದಾಹರಣೆಗೆ, ತನ್ನ ಹೆಸರು ಸರಿಮಾಡಿಕೊಳ್ಳಲು ಒಬ್ಬ ಹುಡುಗಿಯೊಂದಿಗೆ ಕರಾರು ಮಾಡಿಕೊಂಡನೆಂದು ಭಾವಿಸಬಹುದು. 'ಡೇಟಿಂಗ್' ಎಂಬುದಕ್ಕೆ ಇಲ್ಲಿ ಹತ್ತಿರದ ಮಾತು 'ಓಡಾಟ'. 'ಅವನೊಟ್ಟಿಗೆ ಓಡಾಡುತ್ತಾಳೆ' ಎಂಬ ವಾಕ್ಯದಲ್ಲಿ ಓಡಾಡುವವರ ಮನಸ್ಸಿನ ಸುದ್ದಿಯೇ ಇಲ್ಲ, ಇರುವುದೆಲ್ಲ ನೋಡಿದವರ ಕಣ್ಣಿನ ಸುದ್ದಿ. ಅಂದರೆ ಇಂಗ್ಲಿಷ್ ಕಾದಂಬರಿ ಮರೆತ ಸಭೆಯನ್ನು ಕನ್ನಡದ ಕ್ರಿಯಾಪದವೇ ತನ್ನೊಳಗೆ ಕೂರಿಸಿಕೊಂಡಿದೆ.

ಅವರಿಬ್ಬರೂ ಬೈಂದೂರಿನ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೆ, ಬಸ್ಸು ಒತ್ತಿನೆಣೆ ದಾಟುವ ಮೊದಲು ಸುದ್ದಿ ಎರಡೂ ಮನೆಗಳನ್ನು ತಲುಪಿರುತ್ತದೆ, ಮಧ್ಯಾಹ್ನದೊಳಗೆ ದುಬೈಯಲ್ಲಿರುವ ಚಿಕ್ಕಪ್ಪನಿಗೂ ಗೊತ್ತಾಗಿರುತ್ತದೆ. ಮೊದಲ ಪ್ರಶ್ನೆ, ಪದಾಂತ್ಯದ ಸ್ವರಗಳನ್ನು ನುಂಗುವ ಕುಂದಾಪ್ರ ಕನ್ನಡದಲ್ಲಿ, 'ಯಾರ್ ಮನಿ ಹೆಣ್ಣ್?' ಎಂದಾಗಿರುತ್ತದೆ. ಎರಡನೆಯ ಪ್ರಶ್ನೆ ಬಳಿಯದು. ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲದ ಗುರುತು. ಅಳಿಯಸಂತಾನದ, ಅಂದರೆ ಹೆಣ್ಣಿನ ಮೂಲಕ ವಂಶವನ್ನು ಎಣಿಸುವ ಕಟ್ಟಳೆಯ ಸಮುದಾಯಗಳಲ್ಲಿ ಒಂದೇ ಬಳಿಯ ಗಂಡುಹೆಣ್ಣು ಅಣ್ಣತಂಗಿಯರಿದ್ದಂತೆ, ಅವರೊಳಗೆ ಸಂಬಂಧ ಕೂಡದು. ಆದುದರಿಂದ ಕರಾರಿನ ಪ್ರೇಮಿಗಳು ಮೊದಲು ಮಾಡಬೇಕಾದದ್ದು ಸುಳ್ಳಿಗೊಂದು ಬಳಿ ಹುಡುಕುವ ಕೆಲಸ. ಆಮೇಲೆ ಜಾತಕ ಬರುತ್ತದೆ, ದೇವಸ್ಥಾನದಲ್ಲಿ ಪ್ರಸಾದ ನೋಡಿಸುವುದು ಬರುತ್ತದೆ, 'ಅಕ್ಕನದು ಹೀಗಾದರೆ ತಂಗಿಯ ಗತಿ ಏನು' ಎಂಬ ಅತ್ತೆಯ ಚಿಂತೆ ಬರುತ್ತದೆ. ಹುಡುಗನ ತಾಯಿ ಒಂದು ಸಂಜೆ ಮಲ್ಲಿಗೆಯ ಚೆಂಡು ಹಿಡಿದುಕೊಂಡು ಹುಡುಗಿಯ ಮನೆಗೆ ಬಂದುಬಿಟ್ಟರೆ, ಮತ್ತು ಆ ತಾಯಿ ನಿಜಕ್ಕೂ ಒಳ್ಳೆಯವಳಾಗಿದ್ದು ಹುಡುಗಿಗೆ ಅವಳ ಮೇಲೆ ಪ್ರೀತಿ ಹುಟ್ಟಿಬಿಟ್ಟರೆ, ಕರಾರಿನಲ್ಲಿ ಅದಕ್ಕೊಂದು ಕಲಮು ಇರುವುದಿಲ್ಲ. ಸುಳ್ಳಿಗೆ ವಿವರಗಳ ಹಸಿವು ಬಹಳ. ಪ್ರತಿದಿನ ಅದಕ್ಕೆ ಹೊಸ ಹೆಸರು, ಹೊಸ ತಾರೀಕು, ಹೊಸ ಸಾಕ್ಷಿಯನ್ನು ಉಣಿಸುತ್ತಿರಬೇಕು, ಆ ಉಣಿಸುವ ಒದ್ದಾಟದಲ್ಲೇ ಹಾಸ್ಯವೂ ಪ್ರೇಮವೂ ಹುಟ್ಟುತ್ತವೆ. ಶಿರೂರಿನಲ್ಲಿ ಈ ಕಥೆ ಮೂರು ದಿನಕ್ಕೆ ಹಳಸಬಹುದು, ಆದರೆ ಆ ಮೂರು ದಿನಗಳಲ್ಲಿ ಒಂದು ಕಾದಂಬರಿಗೆ ಸಾಕಾಗುವಷ್ಟು ಸರಕಿರುತ್ತದೆ. ಊರಿನ ಈ ಕಣ್ಗಾವಲು ಒಳ್ಳೆಯದೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಅದರ ಕೆಳಗೆ ಎಷ್ಟು ನಿಜವಾದ ಪ್ರೇಮಗಳು ಉಸಿರುಗಟ್ಟಿವೆಯೆಂಬುದು ಇಲ್ಲಿಯ ಹೆಣ್ಣುಮಕ್ಕಳಿಗೆ ಗೊತ್ತು. ಬದುಕಿಗೆ ಹಿಂಸೆಯಾಗುವ ಕೆಲವು ಸಂಗತಿಗಳು ಕಥೆಗೆ ಆಹಾರವಾಗುತ್ತವೆ, ಅಷ್ಟೆ.

'ಸ್ಟೇಕ್' ಎಂಬ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ಸಲ್ಲುವ ಪದ 'ಪಣ'. ಜೂಜಿನಲ್ಲಿ ಒಡ್ಡುವ ವಸ್ತು ಪಣ; ಗೆದ್ದರೆ ಬರುವುದಕ್ಕಿಂತ ಸೋತರೆ ಹೋಗುವುದರ ಕಡೆಗೇ ಈ ಪದದ ಮುಖ. ಸಂಸ್ಕೃತದಿಂದ ಬಂದ ಈ ಪದ ಹಳಗನ್ನಡದ ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಕಾರವನ್ನು ಕಳೆದುಕೊಂಡು ನಮ್ಮ ದಿನಬಳಕೆಯ 'ಹಣ'ವಾಯಿತು. ಈ ವ್ಯುತ್ಪತ್ತಿ ವಿಮರ್ಶಕನಿಗೆ ಒಂದು ಉಪಕಾರ ಮಾಡುತ್ತದೆ: ಪಣ ಎಷ್ಟು ದೊಡ್ಡದೆಂಬುದು ಹಣದಂತೆಯೇ ಒಡ್ಡುವವರ ಜೇಬನ್ನು ಅವಲಂಬಿಸಿರುತ್ತದೆ. ಧರ್ಮರಾಯ ರಾಜ್ಯವನ್ನು ಒಡ್ಡಿದ್ದು ಪಣ, ಗೋಲಿಯಾಟದಲ್ಲಿ ಹುಡುಗನೊಬ್ಬ ತನ್ನ ಕೊನೆಯ ಗೋಲಿಯನ್ನು ಒಡ್ಡಿದ್ದೂ ಪಣ. ಹುಡುಗನ ಗಂಟಲು ಒಣಗುವುದು ಧರ್ಮರಾಯನದಕ್ಕಿಂತ ಕಡಿಮೆಯೇನಲ್ಲ. ಸಣ್ಣ ಪಣದ ಕಾದಂಬರಿ ಬೇಕೆಂದು ಕೇಳುವ ಓದುಗರ ಕೋರಿಕೆ ಆದುದರಿಂದ ಸಂಪೂರ್ಣ ನ್ಯಾಯವಾದದ್ದು. ಬರೆಯುವವರು ಸಣ್ಣ ಪಣವನ್ನು ಪಣವೇ ಇಲ್ಲವೆಂದು ಅರ್ಥಮಾಡಿಕೊಂಡಾಗ ಕಥೆ ಕೆಡುತ್ತದೆ. ಜೆನ್ನಿ ಹಾನ್ ಅವರ 2014ರ 'ಟು ಆಲ್ ದ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್' ಈ ವಿಷಯದಲ್ಲಿ ಒಳ್ಳೆಯ ನಿದರ್ಶನ. ಗುಟ್ಟಾಗಿ ಬರೆದಿಟ್ಟುಕೊಂಡಿದ್ದ ಪ್ರೇಮಪತ್ರಗಳು ಹುಡುಗಿಗೆ ತಿಳಿಯದಂತೆ ಅಂಚೆಗೆ ಬಿದ್ದುಹೋಗುತ್ತವೆ; ಅವುಗಳಲ್ಲಿ ಒಂದು ಅಕ್ಕನ ಗೆಳೆಯನಾಗಿದ್ದವನಿಗೇ ತಲುಪುತ್ತದೆ; ಆ ಮುಜುಗರದಿಂದ ಪಾರಾಗಲು ಅವಳು ಲಕ್ರಾಸ್ ಎಂಬ ಆಟದ ಹುಡುಗನೊಂದಿಗೆ ಪ್ರೇಮದ ಸೋಗು ಹಾಕುತ್ತಾಳೆ. ಲೋಕದ ಲೆಕ್ಕದಲ್ಲಿ ಇದು ಬಿಡಿಕಾಸಿನ ವಿಷಯ. ಆದರೆ ತಾಯಿಯಿಲ್ಲದ ಮನೆಯಲ್ಲಿ ತಾಯಿಯಂತಿದ್ದ ಅಕ್ಕನ ವಿಶ್ವಾಸ ಅಲ್ಲಿ ಪಣವಾಗಿರುವುದರಿಂದ ಓದುವವರ ಕೈ ಪುಟವನ್ನು ಬಿಡುವುದಿಲ್ಲ. ಐಸ್ ಹಾಕಿಯ ನಾಯಕನನ್ನಿಟ್ಟುಕೊಂಡು ಎಲ್ ಕೆನಡಿ ಬರೆದ 2015ರ 'ದ ಡೀಲ್' ಕೂಡ ಕರಾರಿನ ಪ್ರೇಮದ್ದೇ. ಅದರಲ್ಲಿ ಹುಡುಗ ಪರೀಕ್ಷೆಯಲ್ಲಿ ಸೋತರೆ ತಂಡದಿಂದ ಹೊರಗುಳಿಯಬೇಕು, ಹುಡುಗಿಯ ಹಿಂದೆ ಒಂದು ಕ್ರೂರ ನೆನಪಿದೆ, ಹುಡುಗನ ತಂದೆ ಹೊಡೆಯುವ ಮನುಷ್ಯ. ಸೂತ್ರ ಅದೇ, ಎಣ್ಣೆ ಬತ್ತಿ ಮಾತ್ರ ಬೇರೆ.

ಆಟದ ವಿಷಯಕ್ಕೆ ಬಂದರೆ ನಿರಾಸೆ ಇನ್ನೂ ಗಟ್ಟಿಯಾಗುತ್ತದೆ. ಇಂಥ ಕಾದಂಬರಿಗಳಲ್ಲಿ ಆಟವೆಂಬುದು ನಾಯಕನ ಭುಜದ ಅಗಲವನ್ನು ಸಮರ್ಥಿಸುವ ಒಂದು ನೆಪ. ಅವನು ಬೆಳಗ್ಗೆ ಅಭ್ಯಾಸಕ್ಕೆ ಹೋಗಿ ಒದ್ದೆ ಕೂದಲಿನೊಂದಿಗೆ ಮರಳುತ್ತಾನೆ, ನಡುವೆ ಏನಾಯಿತೆಂದು ಪುಸ್ತಕ ಹೇಳುವುದಿಲ್ಲ. ಆಟದೊಳಗೆ ಎಂಥ ಪಣವಿರುತ್ತದೆಂದು ತಿಳಿಯಲು ಶಿರೂರಿನಿಂದ ಬಹಳ ದೂರ ಹೋಗಬೇಕಾಗಿಲ್ಲ. ಕುಂದಾಪುರ ತಾಲ್ಲೂಕಿನ ವಂಡ್ಸೆಯ ಕಡೆಯ ಲಾರಿ ಚಾಲಕರೊಬ್ಬರ ಮಗ ಗುರುರಾಜ ಪೂಜಾರಿ 2018ರ ಏಪ್ರಿಲಿನಲ್ಲಿ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವರ್ಗದ ಭಾರ ಎತ್ತುವ ಸ್ಪರ್ಧೆಗೆ ಇಳಿದಾಗ, ಭಾರತಕ್ಕೆ ಆ ಕೂಟದ ಪದಕ ಒಂದೂ ಬಂದಿರಲಿಲ್ಲ. ಒಂದೇ ಏಟಿಗೆ ತಲೆಯ ಮೇಲಕ್ಕೆ ಎತ್ತುವ 'ಸ್ನ್ಯಾಚ್' ವಿಭಾಗದಲ್ಲಿ 111 ಕಿಲೋ ಆಗಿತ್ತು. ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವ 'ಕ್ಲೀನ್ ಅಂಡ್ ಜರ್ಕ್' ವಿಭಾಗದಲ್ಲಿ ಸಿಗುವ ಮೂರು ಅವಕಾಶಗಳಲ್ಲಿ ಎರಡು ಕೈತಪ್ಪಿದ್ದವು. ಮೂರನೆಯದರಲ್ಲಿ 138 ಕಿಲೋ ಮೇಲೆದ್ದಿತು, ಒಟ್ಟು 249 ಆಯಿತು, ಬೆಳ್ಳಿ ಬಂತು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವರ್ಗದಲ್ಲಿ 269 ಕಿಲೋ ಎತ್ತಿ ಕಂಚೂ ಬಂತು. ಗೋಲ್ಡ್ ಕೋಸ್ಟಿನ ಎರಡನೆಯ ಮತ್ತು ಮೂರನೆಯ ಪ್ರಯತ್ನಗಳ ನಡುವಿನ ಆ ಕೆಲವು ನಿಮಿಷಗಳಲ್ಲಿ ಬಿಳಿಯ ಪುಡಿಯಲ್ಲಿ ಅದ್ದಿದ ಅಂಗೈಗಳೊಂದಿಗೆ ನಿಂತ ಮನುಷ್ಯನೊಬ್ಬನನ್ನು ಬರೆಯಬಲ್ಲ ಕಾದಂಬರಿಕಾರರು ಅವನ ಪ್ರೇಮವನ್ನೂ ಬರೆಯಬಲ್ಲರು, ಏಕೆಂದರೆ ಎರಡರಲ್ಲೂ ಬರೆಯಬೇಕಾದದ್ದು ಇನ್ನೊಂದೇ ಒಂದು ಅವಕಾಶ ಉಳಿದಿರುವ ದೇಹದ ಸ್ಥಿತಿಯನ್ನು.

ಪದಕದ ಎತ್ತರಕ್ಕೆ ಹೋಗದ ಆಟಗಳಲ್ಲೂ ಇದು ಸುಳ್ಳಲ್ಲ. ಮಳೆ ಬಿಟ್ಟ ಮೇಲೆ ಈ ಸೀಮೆಯ ಶಾಲಾ ಮೈದಾನಗಳಲ್ಲಿ ನಡೆಯುವ 'ಹೊನಲು ಬೆಳಕಿನ' ಪಂದ್ಯಾಟಗಳು, ಅಂದರೆ ರಾತ್ರಿ ದೀಪಗಳ ಕೆಳಗೆ ಆಡುವ ಕಬಡ್ಡಿ, ವಾಲಿಬಾಲ್ ಸ್ಪರ್ಧೆಗಳು, ಒಂದಿಷ್ಟು ನಗದಿಗಾಗಿ ಮತ್ತು 'ಶಾಶ್ವತ ಫಲಕ'ವೆಂದು ಕರೆಯಲಾಗುವ ಟ್ರೋಫಿಗಾಗಿ ನಡೆಯುತ್ತವೆ. ಅವುಗಳಲ್ಲಿ ಆಡುವ ಯುವಕರಲ್ಲಿ ಕೆಲವರು ಹಗಲು ದೋಣಿಗೆ ಹೋಗುವವರು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ವರ್ಷದ ದುಡಿಮೆ ಉಳಿದ ಹತ್ತು ತಿಂಗಳಲ್ಲೇ ಆಗಬೇಕು. ಜನವರಿಯ ಒಂದು ರಾತ್ರಿ ಕಬಡ್ಡಿಯಲ್ಲಿ ಮೊಣಕಾಲು ತಿರುಚಿಕೊಂಡವನು ಕಳೆದುಕೊಳ್ಳುವುದು ಪಂದ್ಯವನ್ನಷ್ಟೇ ಅಲ್ಲ, ಬಲೆ ಎಳೆಯುವ ಕಾಲನ್ನು. ಅವನು ಅಂಕಣಕ್ಕೆ ಇಳಿಯಬಾರದೆಂದು ಬಯಸುವ, ಆದರೆ ಹಾಗೆ ಹೇಳುವ ಅಧಿಕಾರ ತನಗಿಲ್ಲವೆಂದು ತಿಳಿದ ಒಬ್ಬ ಹುಡುಗಿ ಬೇಲಿಯ ಆಚೆ ನಿಂತಿದ್ದರೆ ಅಲ್ಲಿಗೆ ಕ್ರೀಡಾಪ್ರೇಮದ ಕಾದಂಬರಿ ಆರಂಭವಾಗಿಬಿಟ್ಟಿರುತ್ತದೆ. ಕಂಬಳದ ಮಾತು ಬೇರೆ: ಈ ಭಾಗದ ತಗ್ಗರ್ಸೆಯಂಥ ಸಾಂಪ್ರದಾಯಿಕ ಕಂಬಳಗಳಲ್ಲಿ ಕೋಣಗಳನ್ನು ಗದ್ದೆಗಿಳಿಸುವುದರ ಹಿಂದೆ ಬಹುಮಾನದ ಆಸೆಗಿಂತ ದೈವಕ್ಕೂ ಮನೆತನಕ್ಕೂ ಸಲ್ಲಬೇಕಾದ ಬಾಧ್ಯತೆ ದೊಡ್ಡದು, ಅಂಥ ಕೆಸರಿನಲ್ಲಿ ಪ್ರೇಮದ ಕರಾರು ಕಾಲೂರಲಾರದು.

ಕುಂದಾಪುರದ ಸೀಮೆಗೂ ಕಾದಂಬರಿಗೂ ಹಳೆಯ ನಂಟಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗುರುತಿಸಲಾಗುವ 'ಇಂದಿರಾಬಾಯಿ' 1899ರಲ್ಲಿ ಪ್ರಕಟವಾಯಿತು. ಅದನ್ನು ಬರೆದ ವೆಂಕಟರಾಯರ ಹೆಸರಿಗೆ ಅಂಟಿಕೊಂಡಿರುವ ಗುಲ್ವಾಡಿ ಕುಂದಾಪುರದ ಹತ್ತಿರದ ಊರು. ವಿಧವೆಯೊಬ್ಬಳು ಮತ್ತೆ ಮದುವೆಯಾಗಬಹುದೆ ಎಂಬ ಪ್ರಶ್ನೆಯನ್ನು ಆ ಕಾಲದಲ್ಲಿ ಕಥೆಯ ನಡುವೆ ಇಡುವುದೆಂದರೆ ಅದಕ್ಕಿಂತ ದೊಡ್ಡ ಪಣ ಇನ್ನಿಲ್ಲ. 1983ರಲ್ಲಿ ಮಣಿಪಾಲದಿಂದ ಹೊರಟ 'ತರಂಗ' ವಾರಪತ್ರಿಕೆಯ ಸಂಪಾದಕರಾಗಿದ್ದ ಸಂತೋಷಕುಮಾರ ಗುಲ್ವಾಡಿಯವರ ಹೆಸರಿನಲ್ಲೂ ಅದೇ ಊರಿದೆ. ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳು ಈಗಿನ 'ತಲೆಬಿಸಿ ಇಲ್ಲದ' ಪುಸ್ತಕಗಳ ಅಜ್ಜಿಯಂದಿರು. ಅವುಗಳ ಗುಣಮಟ್ಟ ಏನೇ ಇರಲಿ, ಮುಂದಿನ ಸಂಚಿಕೆ ಬರುವವರೆಗೆ ಏಳು ದಿನ ಕಾಯಬೇಕಾದ ಕಾರಣಕ್ಕೆ ಪ್ರತಿ ಕಂತಿನ ಕೊನೆಯಲ್ಲೂ ಏನಾದರೊಂದು ಅಪಾಯದಲ್ಲಿರಲೇಬೇಕಾಗಿತ್ತು.

ನಟನೆಯ ದಾಂಪತ್ಯವನ್ನು ಅದರ ತುದಿಯವರೆಗೆ ಕೊಂಡೊಯ್ದ ಕಥೆಯೂ ಕುಂದಾಪುರದ ಮಣ್ಣಿನಲ್ಲೇ ಇದೆ. 1945ರಲ್ಲಿ ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರ 'ಅಕ್ಕು' ಎಂಬ ಸಣ್ಣಕಥೆ, 2018ರ 'ಅಮ್ಮಚ್ಚಿ ಎಂಬ ನೆನಪು' ಚಲನಚಿತ್ರಕ್ಕೆ ಆಧಾರವಾದ ಕಥೆಗಳಲ್ಲಿ ಒಂದು. ಗಂಡ ಬಿಟ್ಟುಹೋದ ಅಕ್ಕು ತಾನು ಬಸುರಿಯೆಂಬ ಸೋಗನ್ನು ಹೊತ್ತು ತಿರುಗುತ್ತಾಳೆ. ಮನೆಯವರು ಅವಳನ್ನು ಹುಚ್ಚಿಯೆನ್ನುತ್ತಾರೆ. ಇಲ್ಲಿ ನಟನೆಗೆ ಜೊತೆಗಾರನಿಲ್ಲ, ಕರಾರಿಲ್ಲ, ಮೋಸಹೋಗಲು ಯಾರೂ ಸಿದ್ಧರಿಲ್ಲ, ಆದರೂ ಅವಳು ವೇಷವನ್ನು ಕಳಚುವುದಿಲ್ಲ. ಕಳಚಿದರೆ ಅದರ ಕೆಳಗೆ ತಾನೆಂಬುದು ಉಳಿಯುವುದಿಲ್ಲವೆಂಬಂತೆ ಅದನ್ನು ಬಿಗಿಹಿಡಿದಿರುತ್ತಾಳೆ. ಸುಳ್ಳು ಪ್ರೇಮದ ಜನಪ್ರಿಯ ಕಾದಂಬರಿಯನ್ನು 'ಅಕ್ಕು'ವಿನ ಪಕ್ಕದಲ್ಲಿಟ್ಟು ತೂಗುವುದು ಅನ್ಯಾಯ, ಅವೆರಡರ ಅಂಗಡಿಗಳೇ ಬೇರೆ. ಆದರೆ ಒಂದು ಸಲ 'ಅಕ್ಕು' ಓದಿದವರಿಗೆ ಸೋಗು ಎಂಬುದು ಹಾಕಿದವರ ಚರ್ಮಕ್ಕೇ ಅಂಟಿಕೊಳ್ಳಬಲ್ಲದೆಂದು ತಿಳಿದುಬಿಟ್ಟಿರುವುದರಿಂದ, ಒದ್ದೆ ಕೂದಲಿನ ಹಾಕಿ ಆಟಗಾರನ ಸೋಗು ಮಳೆಗಾಲದ ಛತ್ರಿಯಂತೆ ಸಲೀಸಾಗಿ ಮಡಚಿಕೊಳ್ಳುವುದನ್ನು ಕಂಡಾಗ ಅವರ ನಿರಾಸೆ ಇಮ್ಮಡಿಯಾಗುತ್ತದೆ.

ದಣಿದವರ ಪರವಾಗಿಯೂ ಒಂದು ಮಾತು ಹೇಳಬೇಕು. ದಿನವಿಡೀ ಬ್ಯಾಂಕಿನ ಕೌಂಟರಿನಲ್ಲೋ ಆಸ್ಪತ್ರೆಯ ವಾರ್ಡಿನಲ್ಲೋ ಮೀನಿನ ಐಸ್ ಪ್ಲಾಂಟಿನ ಲೆಕ್ಕದ ಪುಸ್ತಕದಲ್ಲೋ ಕಳೆದು, ಸಂಜೆಯ ರೈಲಿನಲ್ಲಿ ಫೋನಿನ ಪರದೆಯ ಮೇಲೆ ಇಂಥದೊಂದು ಕಾದಂಬರಿಯನ್ನು ತೆರೆಯುವ ಹೆಣ್ಣುಮಗಳು ತನ್ನ ಪಾಲಿನ ತಲೆಬಿಸಿಯನ್ನು ಆಗಲೇ ಹೊತ್ತು ಮುಗಿಸಿರುತ್ತಾಳೆ. ಪುಸ್ತಕವೂ ಇನ್ನಷ್ಟು ಹೊರಿಸಬೇಕೆಂದು ಅವಳಿಗೆ ಉಪದೇಶ ಮಾಡುವ ವಿಮರ್ಶಕರು ಆ ರೈಲಿನಲ್ಲಿ ನಿಂತು ಪ್ರಯಾಣ ಮಾಡಿದವರಾಗಿರುವುದಿಲ್ಲ. ಅವಳಿಗೆ ಬೇಕಾದದ್ದು ಮೃದುವಾದ ಪುಸ್ತಕ, ಮತ್ತು ಅದು ಅವಳ ಹಕ್ಕು. ಗಂಜಿಯೂ ಮೃದುವೇ. ಆದರೆ ಕರಾವಳಿಯಲ್ಲಿ ಗಂಜಿಯನ್ನು ಬರಿದೆ ಉಣ್ಣುವ ರೂಢಿಯಿಲ್ಲ. ಪಕ್ಕದಲ್ಲಿ ಒಂದು ಮಿಡಿ ಉಪ್ಪಿನಕಾಯಿ, ಇಲ್ಲವೆ ಸುಟ್ಟ ಒಣಮೀನು, ಅದೂ ಇಲ್ಲದಿದ್ದರೆ ಹುಳಿ ಹಿಂಡಿದ ಒಂದು ಚಟ್ನಿ ಇರುತ್ತದೆ, ಅದನ್ನು ಇಟ್ಟುಕೊಂಡದ್ದರಿಂದ ಗಂಜಿಯ ಮೃದುತ್ವ ಕೆಟ್ಟಿತೆಂದು ಯಾರೂ ದೂರಿದ್ದಿಲ್ಲ. ದಣಿದ ಓದುಗಾರ್ತಿಗೆ ಉಪ್ಪಿನಕಾಯಿಯೂ ಭಾರವಾಗುತ್ತದೆಂದು ಭಾವಿಸಿದ್ದು ಪ್ರಕಾಶಕರ ಉಪಚಾರ, ಅದರಲ್ಲಿ ಸ್ವಲ್ಪ ತಿರಸ್ಕಾರವೂ ಇದೆ.

ಈ ಬಗೆಯ ಕಾದಂಬರಿಗಳ ಕೊನೆಯ ಅಧ್ಯಾಯದಲ್ಲಿ ಸಾಮಾನ್ಯವಾಗಿ ಒಂದು ತಪ್ಪೊಪ್ಪಿಗೆಯ ದೃಶ್ಯ ಬರುತ್ತದೆ. ತಾವು ಇಷ್ಟು ದಿನ ನಟಿಸುತ್ತಿದ್ದೆವೆಂದು ಪ್ರೇಮಿಗಳು ತಂಡದವರ ಮುಂದೆ ಬಾಯಿಬಿಡುತ್ತಾರೆ. ತಂಡದವರು ನಕ್ಕು, ತಮಗೆ ಇದೆಲ್ಲ ಮೊದಲಿನಿಂದಲೂ ಗೊತ್ತಿತ್ತೆಂದು ಹೇಳಿ ಬೆನ್ನು ತಟ್ಟುತ್ತಾರೆ. ಓದುಗರಿಗೆ ಪುಸ್ತಕವನ್ನು ಗೋಡೆಗೆ ಎಸೆಯಬೇಕೆನ್ನಿಸುವುದು ಈ ಗಳಿಗೆಯಲ್ಲಿ, ಏಕೆಂದರೆ ಆವರೆಗೆ ಬಲರಾಮನೆಂದು ನಂಬಿಕೊಂಡು ಬಂದವರೆಲ್ಲ ಒಮ್ಮೆಲೇ ಚೌಕಿಯವರಾಗಿಬಿಡುತ್ತಾರೆ. ಶಿರೂರಿನಲ್ಲಿ ಇದೇ ಕಥೆ ನಡೆದಿದ್ದರೆ ಕೊನೆಯ ಮಾತು ಅಲ್ಲಿಯೂ ಇದೇ ಆಗಿರುತ್ತಿತ್ತು. ಅತ್ತೆ, ಮಾವ, ಬಸ್ಸಿನ ಕಂಡಕ್ಟರ್, ಮೀನು ಮಾರುವ ಹೆಂಗಸು, ದುಬೈಯ ಚಿಕ್ಕಪ್ಪ, ಎಲ್ಲರೂ 'ನಮ್ಗ್ ಮೊದ್ಲೇ ಗೊತ್ತಿತ್ತ್' ಎಂದೇ ಹೇಳುತ್ತಿದ್ದರು. ಆದರೆ ಅವರು ಅದನ್ನು ಹೇಳುವ ಹೊತ್ತಿಗೆ ಮದುವೆ ಹಾಲಿಗೆ ಮುಂಗಡ ಕೊಟ್ಟಾಗಿರುತ್ತಿತ್ತು, ಮತ್ತು ಒಮ್ಮೆ ಕೊಟ್ಟ ಮುಂಗಡವನ್ನು ಹಾಲಿನವರು ವಾಪಸು ಕೊಡುವುದಿಲ್ಲ.